ಒದ್ದೆ ಬಟ್ಟೆ ಎಲ್ಲಿ

ಬೆಂಗ್ರೆಗೆ ದೋಣಿ ಹತ್ತುವ ಕಟ್ಟೆಯಲ್ಲಿ
ಒಂದು ಕರಿಹಲಗೆ ಉಂಟು. ಇಪ್ಪತ್ತೇಳು ವರ್ಷದಿಂದ
ಅದರ ಮೇಲೆ ಬರೆಯುವವರು ವಾಮನ ಮೆಂಡನ್ರು:
ಕೊನೆಯ ದೋಣಿ ಎಷ್ಟಕ್ಕೆ, ಉಬ್ಬರ ಯಾವಾಗ,
ಯಾರ ಮನೆಯಲ್ಲಿ ಸಾವು,
ವೆನ್ಲಾಕಿನಲ್ಲಿ ಯಾರಿಗೆ ಬಿ ನೆಗೆಟಿವ್ ರಕ್ತ ಬೇಕು.

ಊರಿಗೊಂದು ವೆಬ್‌ಸೈಟ್ ಆಗಬೇಕೆಂದು ಸಮಿತಿ ತೀರ್ಮಾನಿಸಿ
ಆರಿಸುವ ಕೆಲಸ ನನ್ನ ತಲೆಗೆ ಕಟ್ಟಿತು.
ನಾನು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು.
ಎಕ್ಸೆಲ್ ಗೊತ್ತಿದ್ದವಳಿಗೆ ಎಲ್ಲ ಗೊತ್ತು
ಎಂಬುದು ನಮ್ಮಲ್ಲಿಯ ನಂಬಿಕೆ.

ಮೂರು ವ್ಯವಸ್ಥೆ ಹುಡುಕಿದೆ. ಸಂಜೆ ಬಲೆ ಶೆಡ್ಡಿನಲ್ಲಿ
ಹಳೆಯ ಐಸ್ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ.

ಮೊದಲನೆಯದು ದೊಡ್ಡದು, ಜಗತ್ತೇ ಬಳಸುವಂಥದ್ದು.
ಎಡಬದಿಯಲ್ಲಿ ಗುಂಡಿಯ ಕೆಳಗೆ ಗುಂಡಿ,
ಒಂದನ್ನು ಒತ್ತಿದರೆ ಅದರ ಹೊಟ್ಟೆಯಿಂದ ಇನ್ನೂ ಹತ್ತು.
ಜಲಜಕ್ಕ ಸ್ವಲ್ಪ ಹೊತ್ತು ನೋಡಿದರು.
"ನಾಲ್ಕು ಬಂಗುಡೆ ಕೇಳಿ ಬಂದವರಿಗೆ
ನೀನು ಟ್ರಾಲರಿನ ಇಂಜಿನ್ ಬಿಚ್ಚಿ ತೋರಿಸುತ್ತೀ ಮಾರಾಯ್ತಿ."

ಎರಡನೆಯದು ಚಂದ. ಬಹಳ ಚಂದ.
ಆದರೆ ಒತ್ತಕ್ಷರ ಅದರಲ್ಲಿ ನಿಲ್ಲುವುದಿಲ್ಲ;
ರಕ್ತ ಎಂದು ಬರೆದರೆ ಕ ಒಂದು ಕಡೆ, ತ ಒಂದು ಕಡೆ.
ಓದುವವನು ಅದನ್ನು ಕೂಡಿಸಿಕೊಂಡು
ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ, ಬಿಡಿ.

ಮೆಂಡನ್ರು ಎರಡು ಸಲವೂ ಒಂದೇ ಮಾತು ಕೇಳಿದ್ದರು:
"ಒದ್ದೆ ಬಟ್ಟೆ ಎಲ್ಲಿ?"
ಪರದೆ ಒರೆಸಲಿಕ್ಕೆ ಎಂದುಕೊಂಡು
ನಾನು ಕರವಸ್ತ್ರ ಕೊಟ್ಟಿದ್ದೆ.

ಅವರು ನಕ್ಕು, ದೋಣಿ ನಡೆಸುವ ಹಸನಬ್ಬನ ಕಡೆ ನೋಡಿದರು.
"ಒಂದು ವರ್ಷ ಇವನನ್ನು ನಾನೇ ಸಾಯಿಸಿದ್ದೆ.
ತೀರಿಕೊಂಡದ್ದು ಕಸಬದ ಹಸನಬ್ಬ, ನಾನು ಬರೆದದ್ದು ಇವನ ಹೆಸರು.
ದೋಣಿ ಇಳಿದು ಬಂದವನು ನಿಂತು ಪೂರ್ತಿ ಓದಿದ,
ಅಂಗೈಯಿಂದ ತನ್ನನ್ನು ತಾನೇ ಉಜ್ಜಿದ,
ಇನ್ನೂ ಸ್ವಲ್ಪ ದಿನ ಉಂಟು ಎಂದು ಚಹಾ ಕುಡಿಯಲಿಕ್ಕೆ ಹೋದ."

ನಾನು ವಿವರಿಸಿದೆ: ದೊಡ್ಡದರಲ್ಲಿ ಅಳಿಸಿದ್ದು
ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ.
"ಅಷ್ಟು ದಿನ ನಾನು ಅದರಲ್ಲಿ ಕುಕ್ಕರಗಾಲಲ್ಲಿ ಕೂರಬೇಕಾ?"
ಎಂದ ಹಸನಬ್ಬ.

ಮೂರನೆಯದನ್ನು ತೋರಿಸಲು ನನಗೇ ನಾಚಿಕೆ.
ರೇಷನ್ ಅಂಗಡಿಯ ರಶೀದಿಯ ಹಾಗೆ, ಬಣ್ಣವಿಲ್ಲ, ಬಿನ್ನಾಣವಿಲ್ಲ.
ಒಂದು ಚೌಕ. ಕೆಳಗೆ ಮೂರು ಮಾತು:
ಬರೆ, ತಿದ್ದು, ಅಳಿಸು.
ಕೊನೆಯಲ್ಲಿ, ಬರೆದವರ ಹೆಸರು.

ಜಲಜಕ್ಕ ಬೆರಳಿನ ಬೂತಾಯಿ ಹೊರಪೆ ಸೆರಗಿಗೆ ಉಜ್ಜಿ
ನನ್ನ ಫೋನು ಕಸಿದುಕೊಂಡರು.
ನಾನು ಹತ್ತಿರ ಹೋದರೆ ಮೊಣಕೈಯಿಂದ ದೂಡಿದರು.
ಆ ಚೌಕದೊಳಗೆ ನಮ್ಮ ಊರು ಮೊದಲು ಹೇಳಿದ್ದು ಇದು:

*ನೀಲಿ ಚಪ್ಪಲಿ, ಎಡಗಾಲಿನದ್ದು, ದೋಣಿಯಲ್ಲಿ ಸಿಕ್ಕಿದೆ.
ಬಲಗಾಲಿನದ್ದು ಇದ್ದವರು ತಂದು ತೋರಿಸಿ.
ಜಲಜ ಸಾಲ್ಯಾನ್.*

ಮೆಂಡನ್ರು ಅದನ್ನು ಒಮ್ಮೆ ಅಳಿಸಿದರು. ಹೋಯಿತು.
ಮತ್ತೆ ಬರೆಸಿದರು. ಬಂತು.
"ಇದು ಆದೀತು" ಎಂದರು, ಅಷ್ಟೇ ನಿರ್ಣಯ,
ನಡಾವಳಿ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಏಳೂಕಾಲರ ದೋಣಿಗೆ ಬಂದರೆ
ಕರಿಹಲಗೆಯ ಮೂಲೆಯಲ್ಲಿ, ಉಬ್ಬರದ ಲೆಕ್ಕದ ಪಕ್ಕ,
ದುಂಡಗಿನ ಅಕ್ಷರದಲ್ಲಿ ಪಾಸ್‌ವರ್ಡ್:
*ನಾಲ್ಕು ಕಾಣೆ ಮೂರು ಬಂಗುಡೆ.*

ನಾನು ಕೂಗಾಡಿದೆ. ಕಳ್ಳರು, ಸುರಕ್ಷೆ, ಏನೇನೋ ಹೇಳಿದೆ.
"ಎಲ್ಲರಿಗೂ ಬರೆಯಲಿಕ್ಕೆ ಅಂತ ಅಲ್ವಾ ಮಾಡಿದ್ದು?"
ಎಂದು ಅವರು, ಪಾಪ, ಅಂಗೈಯಿಂದ ಒರೆಸಿದರು.
ಬಿಳಿ ಮಂಜು ಉಳಿಯಿತು.

ದೋಣಿ ಹೊರಟಿತು. ಹಿಂಬದಿಯಲ್ಲಿ ಶಾಲೆಯ ಮಕ್ಕಳು
ಚೀಲ ತೊಡೆಯ ಮೇಲಿಟ್ಟು, ಬೆರಳು ಮಡಚುತ್ತಾ,
ನಾಲ್ಕು ಕಾಣೆ,
ಮೂರು ಬಂಗುಡೆ.